ಹದಿನೇಳನೇ ನಂಬರಿನ ಶೆಡ್ಡಿನಿಂದ ಬಣ್ಣ ಹಿಡಿಯುವ ಯಂತ್ರ ಮಹಾಶಯರಿಗೆ

ಮಾನ್ಯ ಯಂತ್ರ ಮಹಾಶಯರೇ,

ವಿಜಯಪುರದ ಸ್ಟೇಷನ್ ರಸ್ತೆಯಿಂದ ಎರಡು ತಿರುವು ಒಳಗೆ, ಹೊರಗಡೆ ನಲವತ್ತೊಂದು ಡಿಗ್ರಿ ಬಿಸಿಲು ಕಾಯುತ್ತಿದ್ದರೂ ಒಳಗಡೆ ಇಪ್ಪತ್ತೆರಡನ್ನು ದಾಟಗೊಡದ ತಣ್ಣನೆಯ ಕೋಣೆಯಲ್ಲಿ, ಬಂದವರಿಂದ ಬಾಗಿಲಲ್ಲೇ ಚಪ್ಪಲಿ ಬಿಡಿಸಿ ವಿರಾಜಮಾನರಾಗಿರುವ ತಮ್ಮ ಸನ್ನಿಧಾನಕ್ಕೆ, ಹೊನವಾಡದ ಒಣದ್ರಾಕ್ಷಿ ಶೆಡ್ಡಿನ ಒಡತಿಯೂ, ಮೂವತ್ತೊಂದು ವರ್ಷ ಸರ್ಕಾರಿ ಕನ್ನಡ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿ ನಿವೃತ್ತಳಾದ ಶಿಕ್ಷಕಿಯೂ ಆದ ಅಕ್ಕನಾಗಮ್ಮ ಮಾಡುವ ದೀರ್ಘದಂಡ ನಮಸ್ಕಾರಗಳು. ತಾವು ಕ್ಷೇಮವೆಂದು ಕೇಳಿ ಸಂತೋಷವಾಯಿತು. ಕ್ಷೇಮವಾಗಿರದೆ ಏನು ಮಾಡುತ್ತೀರಿ? ಕರೆಂಟು ಹೋದರೆ ನಮ್ಮೂರಿನಲ್ಲಿ ಬಾಣಂತಿಯೂ ಬೀಸಣಿಗೆ ಹುಡುಕಬೇಕು, ತಮಗೆ ಮಾತ್ರ ಗೋಡೆಯುದ್ದಕ್ಕೂ ಬ್ಯಾಟರಿಗಳು ಕೈಕಟ್ಟಿ ನಿಂತಿರುತ್ತವೆ. ನಾವು ಕುಡಿಯುವ ನೀರನ್ನು ತಾವು ಮುಟ್ಟುವುದಿಲ್ಲವಂತೆ, ಗಾಜಿನ ಬಾಟಲಿಯಲ್ಲಿ ಸೀಲು ಹಾಕಿ ಬಂದ ನೀರೇ ಬೇಕಂತೆ. ಇಂಥ ಮಡಿವಂತಿಕೆಯನ್ನು ನಾನು ನನ್ನ ಅತ್ತೆಯಲ್ಲಿಯೂ ನೋಡಿರಲಿಲ್ಲ.

ಪತ್ರವನ್ನು ತಮ್ಮ ಪೂರ್ಣ ನಾಮಧೇಯದಿಂದಲೇ ಆರಂಭಿಸಬೇಕೆಂದಿದ್ದೆ. ಆದರೆ ತಮ್ಮ ಪೂಜಾರಿಯಂತಿರುವ ಸಂಶೋಧಕ ಅರುಣಕುಮಾರ 'ಎಲ್‌ಸಿ-ಎಂಎಸ್' ಎಂದಷ್ಟೇ ಹೇಳಿ ಸುಮ್ಮನಾದ. ಕಳ್ಳಕವಟಗಿ ಶಾಲೆಯಲ್ಲಿ ನನ್ನ ಕೈಯಲ್ಲೇ ಅಕ್ಷರ ಕಲಿತ ಹುಡುಗ, ಈಗ ಡಾಕ್ಟರೇಟು ಮಾಡಲು ಹೊರಟವನು, ಕನ್ನಡದಲ್ಲಿ ಹೇಳೆಂದರೆ ತಲೆ ಕೆರೆದುಕೊಂಡು 'ದ್ರವ ವರ್ಣಲೇಖನ ಮತ್ತು ರಾಶಿ ರೋಹಿತಮಾಪನ' ಎಂದ. ಅಷ್ಟು ಉದ್ದ ಹೆಸರನ್ನು ದಿನವೂ ಹೊತ್ತುಕೊಂಡು ತಿರುಗುವವರ ಸಿಟ್ಟು ಎಷ್ಟಿರಬೇಡ ಎಂದು ನನಗೂ ಕನಿಕರವೆನಿಸಿ, ಕೊನೆಗೆ ಯಂತ್ರ ಮಹಾಶಯರೇ ಎಂದು ಬರೆದಿದ್ದೇನೆ. ಮಹಾಶಯರೋ ಮಹಾಶಯೆಯೋ ಎಂಬುದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಮ್ಮ ಮಹಿಮೆಯನ್ನು ಮಾತ್ರ ಅವನು ಸಾವಕಾಶವಾಗಿ ವಿವರಿಸಿದ. ಯಾವುದೇ ಪದಾರ್ಥವನ್ನು ಅರೆದು, ದ್ರಾವಣದಲ್ಲಿ ಕಲಕಿ, ಸೋಸಿ, ಸೂಜಿಯ ಮೊನೆಯಷ್ಟು ಹನಿಯನ್ನು ತಮ್ಮ ಬಾಯಿಗೆ ಬಿಟ್ಟರೆ ಸಾಕು, ಅದು ಬೆರಳುದ್ದದ ಉಕ್ಕಿನ ಕೊಳವೆಯೊಳಗೆ ಹೊರಡುತ್ತದೆ. ಹೊನವಾಡದಲ್ಲಿ ಒಂದೇ ಬಸ್ಸು ಹತ್ತಿದ ಮಂದಿ ಕೆಲವರು ತಿಕೋಟಾದಲ್ಲಿ, ಕೆಲವರು ತೊರವಿಯಲ್ಲಿ, ಉಳಿದವರು ವಿಜಯಪುರದಲ್ಲಿ ಇಳಿಯುವಂತೆ, ಹನಿಯಲ್ಲಿದ್ದ ಒಂದೊಂದು ವಸ್ತುವೂ ತನ್ನ ತನ್ನ ಹೊತ್ತಿಗೆ ಇಳಿಯುತ್ತದೆ. ಇಳಿದವರನ್ನು ತಾವು ಮನೆಗೆ ಹೋಗಗೊಡದೆ ಹಿಡಿದು, ತೂಗಿ, ಮುರಿದು, ಮುರಿದ ತುಂಡುಗಳನ್ನೂ ಮತ್ತೆ ತೂಗಿ, ಇಂಥವರೇ ಎಂದು ಹೆಸರು ಹೇಳುತ್ತೀರಿ. ಒಂದು ಟ್ಯಾಂಕರ್ ನೀರಿಗೆ ಒಂದು ಚಿಟಿಕೆ ಏನಾದರೂ ಬಿದ್ದಿದ್ದರೂ ತಮ್ಮ ಕಣ್ಣು ತಪ್ಪಿಸುವಂತಿಲ್ಲವಂತೆ. ಶಹಬ್ಬಾಸ್! ನಮ್ಮೂರಿನ ಕೆಲವು ಹೆಂಗಸರಿಗೆ ಈ ವಿದ್ಯೆ ಮೊದಲಿನಿಂದಲೂ ಬರುತ್ತದೆ, ಆದರೆ ಅವರಿಗೆ ಯಾರೂ ಏಸಿ ಹಾಕಿಸಿಕೊಟ್ಟಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಶಿವರಾತ್ರಿಯ ಹಿಂದಿನ ದಿನ ಅರುಣಕುಮಾರ ನಮ್ಮ ಶೆಡ್ಡಿಗೆ ಬಂದ. ಈ ಭಾಗದ ಮೂವತ್ತು ಶೆಡ್ಡುಗಳ ಒಣದ್ರಾಕ್ಷಿಯಲ್ಲಿ ಬೆಳೆಗೆ ಹೊಡೆದ ಔಷಧಿಯ ಅಂಶವೆಷ್ಟಿದೆ, ತಿನ್ನಬಾರದ ಬಣ್ಣಗಿಣ್ಣ ಇದೆಯೇ ಎಂದು ನೋಡುವುದು ಅವನ ಸಂಶೋಧನೆ. ಯಾರ ಹೆಸರೂ ಹೊರಬೀಳಬಾರದೆಂದು ಪ್ರತಿ ಶೆಡ್ಡಿಗೂ ಒಂದು ನಂಬರು ಕೊಟ್ಟಿದ್ದ, ಮತ್ತು ಆ ನಂಬರು ತನಗೆ ಮರೆತು ಹೋಗಬಾರದೆಂದು ಆಯಾ ಶೆಡ್ಡಿನ ಬಾಗಿಲ ಮೇಲೆ ಅಂಗೈಯಗಲದ ಸ್ಟಿಕ್ಕರು ಅಂಟಿಸಿದ್ದ! ನಮ್ಮದು ಹದಿನೇಳು. ಇಷ್ಟು ಗುಟ್ಟಾಗಿ ಗುಟ್ಟನ್ನು ಕಾಪಾಡಿದ ಸಂಶೋಧಕ ಜಗತ್ತಿನಲ್ಲಿ ಇನ್ನೊಬ್ಬನಿರಲಾರ, ಅವನಿಗೆ ಕಲಿಸಿದವಳು ನಾನೆಂದು ಹೇಳಿಕೊಳ್ಳಲು ಎದೆಯುಬ್ಬುತ್ತದೆ.

ಬಂದವನೇ, "ಅಕ್ಕಾರ, ಸ್ಯಾಂಪಲ್ ನಾನ ತಗೀಬೇಕ್ರಿ. ಎಲ್ಲಾ ಕ್ರೇಟಿನಾಗಿಂದು ಚೂರು ಚೂರು ತಗದು ಕೂಡಸಬೇಕ್ರಿ, ಅದು ನಿಯಮ ಐತ್ರಿ" ಎಂದ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಬಿಸಿಲಲ್ಲಿ ಬಂದ ಮಗುವನ್ನು ಬರಿಹೊಟ್ಟೆಯಲ್ಲಿ ಕ್ರೇಟು ಎಣಿಸಲು ಬಿಡುವ ನಿಯಮ ನಮ್ಮ ಮನೆಯಲ್ಲಿಲ್ಲ. "ನಿಯಮ ಆಮ್ಯಾಗ, ಮೊದಲ ಒಳಗ ಹೋಗಿ ಚಾ ಕುಡಿ ನಡಿ" ಎಂದೆ. ನಾನು ಹಾಗೆಂದರೆ ಎರಡನೇ ಇಯತ್ತೆಯಲ್ಲಿಯೂ ಅವನು ಎದುರಾಡುತ್ತಿರಲಿಲ್ಲ, ಈಗಲೂ ಆಡಲಿಲ್ಲ. ಅವನು ಅವಲಕ್ಕಿ ತಿಂದು ಚಹಾ ಕುಡಿದು ಬರುವಷ್ಟರಲ್ಲಿ ಅವನ ಚೀಲವನ್ನು ನಾನೇ ತುಂಬಿಸಿ ಬಾಯಿ ಕಟ್ಟಿಟ್ಟಿದ್ದೆ. ತುಂಬಿಸಿದ್ದು ಎಂಥ ಕ್ರೇಟಿನಿಂದ? ಈ ವರ್ಷ ದ್ರಾಕ್ಷಿ ಒಣಗಿಸುವ ಜಾಳಿಗೆಯಿಂದ ಮೊದಲು ಇಳಿಸಿ, ಮೂಲೆಯಲ್ಲಿಟ್ಟು, ಪೂಜೆ ಮಾಡಿದ ಕ್ರೇಟಿನಿಂದ. ಕಲಿತು ದೊಡ್ಡವನಾಗಿ ಬಂದ ಶಿಷ್ಯನಿಗೆ, ಅವನ ಹಿಂದೆ ಕಾಯುತ್ತಿರುವ ತಮ್ಮಂಥ ದೊಡ್ಡವರಿಗೆ, ಕಂಡ ಕಂಡ ಕ್ರೇಟಿನಿಂದ ಬಾಚಿ ಕೊಡುವುದು ನನ್ನ ಕೈಯಿಂದ ಆಗದ ಮಾತು.

ಆ ಮರ್ಯಾದೆಗೆ ತಾವು ಕೊಟ್ಟ ಪ್ರತಿಮರ್ಯಾದೆ ಏಪ್ರಿಲ್ ಮಧ್ಯದಲ್ಲಿ ನಮಗೆ ತಲುಪಿತು. ತಿಕೋಟಾದಲ್ಲಿ ಬೆಳೆಗಾರರ ಸಭೆ, ನಾನು ಎರಡನೇ ಸಾಲಿನಲ್ಲಿ ಕುಳಿತಿದ್ದೆ. ಅರುಣಕುಮಾರ ಪರದೆಯ ಮೇಲೆ ಕೋಷ್ಟಕ ತೋರಿಸುತ್ತ, ಇಪ್ಪತ್ತೊಂಬತ್ತು ಶೆಡ್ಡುಗಳಲ್ಲಿ ಯಾವ ಬಣ್ಣವೂ ಇಲ್ಲ, ಒಂದರಲ್ಲಿ ಮಾತ್ರ ರೋಡಮೈನ್-ಬಿ ಪತ್ತೆಯಾಗಿದೆ ಎಂದ. ಬಾಂಬೆ ಮಿಠಾಯಿಗೂ ಗೋಬಿಗೂ ಹಾಕಬಾರದೆಂದು ಸರ್ಕಾರ ಬಂದ್ ಮಾಡಿದ ಕೆಂಪು ಬಣ್ಣವೆಂದು ಬಿಡಿಸಿಯೂ ಹೇಳಿದ. ಶೆಡ್ ನಂಬರ್ ಹದಿನೇಳು! ಅವನು ಹೆಸರು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ, ಪಾಪ. ನೋಡುವ ಕೆಲಸವನ್ನು ಉಳಿದ ನೂರಿಪ್ಪತ್ತು ಜನ ಮಾಡಿದರು. ನಾನು ಬಸ್ಸು ಹಿಡಿದು ಹೊನವಾಡದಲ್ಲಿ ಇಳಿಯುವ ಮೊದಲೇ ಬಬಲೇಶ್ವರದಿಂದ ನನ್ನ ತಂಗಿ ವಿದ್ಯಾವತಿ ಫೋನು ಮಾಡಿ, "ಅಕ್ಕಾ, ನೀ ಮನೂಕಕ್ಕ ಬಣ್ಣಾ ಹೊಡಿತೀಯಂತಲ್ಲ, ಖರೇನ?" ಎಂದು ಕೇಳಿದಳು.

ಮಹಾಶಯರೇ, ನಾವು ಮನೂಕ ಎನ್ನುವ ಈ ಒಣದ್ರಾಕ್ಷಿಯ ಬಣ್ಣ ಹಸಿರು ಬೆರೆತ ಬಂಗಾರದ್ದು. ಅದಕ್ಕೆ ಯಾರಾದರೂ ಕೆಂಪು ಬಣ್ಣ ಹಾಕಿದರೆ ಕೊಳ್ಳಲು ಬಂದವರು ಕಲ್ಲು ಹೊಡೆದಾರು. ಇಷ್ಟು ಸಣ್ಣ ವಿಚಾರ ಅಷ್ಟು ದೊಡ್ಡ ತಮಗೆ ಹೊಳೆಯಲಿಲ್ಲವೇ? ಇದೆ ಎಂದಿರಿ, ಎಷ್ಟಿದೆ ಎಂದಿರಿ, ಅಲ್ಲಿಗೆ ಕೈ ತೊಳೆದುಕೊಂಡಿರಿ. ಯಾರು ಹಾಕಿದರು, ಏಕೆ ಹಾಕಿದರು, ಎಲ್ಲಿಂದ ಬಂತು ಎಂಬುದನ್ನು ನಮ್ಮಂಥ ಅಜ್ಞಾನಿಗಳಿಗೆ ಬಿಟ್ಟುಕೊಟ್ಟ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ಬಿಟ್ಟುಕೊಟ್ಟಿದ್ದರಿಂದಲೇ ಮುಂದಿನದು ನಡೆಯಿತು, ಮತ್ತು ಅದನ್ನು ತಮ್ಮ ಗಮನಕ್ಕೆ ತರುವುದೇ ಈ ಪತ್ರದ ಉದ್ದೇಶವಾಗಿದೆ.

ನಮ್ಮ ಶೆಡ್ಡಿನಲ್ಲಿ ಒಣದ್ರಾಕ್ಷಿಯ ಕಾಳು ಆರಿಸುವ ಹತ್ತು ಹೆಂಗಸರಿಗೆ ಯಾಸ್ಮೀನ ಮುಖಂಡಳು. ಹದಿಮೂರು ವರ್ಷದಿಂದ ಇದ್ದಾಳೆ. ತಮ್ಮಷ್ಟು ಉದ್ದದ ಹೆಸರಿಲ್ಲದಿದ್ದರೂ ಆಕೆಯ ಬೆರಳುಗಳಿಗೆ ತಮ್ಮಷ್ಟೇ ವಿದ್ಯೆ ಇದೆ. ಕ್ರೇಟಿನೊಳಗೆ ಕೈ ಆಡಿಸಿ ಯಾವುದು ಇನ್ನೂ ಹಸಿ, ಯಾವುದು ಹೆಚ್ಚು ಒಣಗಿದೆ, ಯಾವುದರಲ್ಲಿ ಕಡ್ಡಿ ಉಳಿದಿದೆ ಎಂದು ನೋಡದೆ ಹೇಳುತ್ತಾಳೆ. ರಮಜಾನ್ ಹಬ್ಬ ಮುಗಿದ ಮೇಲೆ ಆಕೆಯ ತಮ್ಮನ ಮಗಳು ಸುಮಯ್ಯಾಳ ಮದುವೆ ಆಗಿತ್ತು, ಆದ್ದರಿಂದ ಆ ದಿನಗಳಲ್ಲಿ ಆಕೆಯ ಎರಡೂ ಅಂಗೈ ಮೆಹಂದಿಯಿಂದ ಕೆಂಪಾಗಿದ್ದವು. ಮದುವೆಗೆ ನಾನೂ ಹೋಗಿ ಉಂಡು ಬಂದಿದ್ದೆ, ಮೆಹಂದಿ ಚೆನ್ನಾಗಿ ಹತ್ತಿದೆ ಎಂದು ಹೊಗಳಿಯೂ ಬಂದಿದ್ದೆ.

ಸಭೆಯ ಮರುದಿನ ಬೆಳಿಗ್ಗೆ, ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ ಸ್ಥಿತಿಯಲ್ಲಿ ಶೆಡ್ಡಿಗೆ ಹೋದಾಗ, ಒಂದು ಅಚಾತುರ್ಯ ಘಟಿಸಿತು. ಹತ್ತು ಹೆಂಗಸರ ನಡುವೆ, "ಯಾಸ್ಮೀನ, ಎದ್ದ ನಿಲ್ಲು. ಕೈ ತೋರಸು" ಎಂಬ ಮಾತು ನನ್ನ ಬಾಯಿಂದ ಹೊರಟಿತು. ಶಾಲೆಯಲ್ಲಿ ಉಗುರು ನೋಡುವಾಗ ಅನ್ನುತ್ತಿದ್ದ ದನಿಯಲ್ಲೇ ಹೊರಟಿತು. ಆಕೆ ಎದ್ದು ನಿಂತು ಎರಡೂ ಕೈ ಮುಂದೆ ಚಾಚಿದಳು. ನಾನು ಆ ಕೈಗಳನ್ನು ಹಿಡಿದು, ತಿರುವಿ, ಎಲ್ಲರಿಗೂ ಕಾಣುವಂತೆ ನೋಡಿ, "ಇದ ನೋಡ್ರಿ ನಮ್ಮ ಮನೂಕದ ಬಣ್ಣ" ಎಂದೆ. ಯಾಸ್ಮೀನ ಮತ್ತೆ ಕುಳಿತಳು. ತನ್ನ ಮುಂದಿದ್ದ ಕ್ರೇಟಿನ ಕಾಳನ್ನು ಪೂರಾ ಆರಿಸಿ ಮುಗಿಸಿ, ಸೆರಗು ಕೊಡವಿ, ನಳದ ಕೆಳಗೆ ಕೈ ತೊಳೆದು ಹೊರಟುಹೋದಳು. ಆ ಕ್ರೇಟು ಮುಗಿಸಲು ಆಕೆಗೆ ಮುಕ್ಕಾಲು ತಾಸು ಹಿಡಿಯಿತು. 

ಆ ದಿನದಿಂದ ಆಕೆ ಬಂದಿಲ್ಲ. ಊರಿನ ಬಾಯಿ ಹೇಗಿರುತ್ತದೆಂದು ತಣ್ಣನೆಯ ಕೋಣೆಯಲ್ಲಿರುವ ತಮಗೆ ಗೊತ್ತಿರಲಿಕ್ಕಿಲ್ಲ. ಎರಡು ದಿನದಲ್ಲಿ ಮಾತು ತಿರುಗಿತು. ಅಕ್ಕನಾಗಮ್ಮ ಬಣ್ಣ ಹಾಕುವವಳಲ್ಲ, ಆಕೆಯ ಆಳು ಹೊಲಸು ಕೈಯಿಂದ ಆರಿಸುವವಳು ಎಂದಾಯಿತು. ನನ್ನ ಹೆಸರು ತೊಳೆದುಹೋಗಿ ನಾನು ಹಗುರಾದೆ. ಆಕೆ ಕೆಲಸ ಕೇಳಿಕೊಂಡು ಕಳ್ಳಕವಟಗಿಯ ಎರಡು ಶೆಡ್ಡುಗಳಿಗೆ ಹೋದಳಂತೆ, ಎರಡೂ ಕಡೆ ಕೆಲಸ ಕೇಳಿದ ಬಾಯಿಗೆ ಉತ್ತರ ಬರುವ ಮೊದಲು ಕೈಗಳ ಕಡೆ ಕಣ್ಣು ಹೋಯಿತಂತೆ. ಇದನ್ನು ನನಗೆ ಹೇಳಿದವಳು ನಮ್ಮ ಶೆಡ್ಡಿನ ಮಲಕವ್ವ. ಹೇಳಿ ಸುಮ್ಮನಿರಬಾರದೇ? ಮೂರನೇ ಇಯತ್ತೆಯೂ ದಾಟದ ಆ ಹೆಂಗಸು ನನ್ನ ಮುಖ ನೋಡಿ, "ಅಲ್ರಿ ಅಕ್ಕಾರ, ಅರುಣ ಚೀಲಾ ಒಯ್ದದ್ದು ಶಿವರಾತ್ರಿಗಿ, ಯಾಸ್ಮೀನ ಮೆಹಂದಿ ಹಚ್ಚಿದ್ದು ಯುಗಾದಿ ಆದ ಮ್ಯಾಲ. ಹಿಂದ ಹೋಗಿ ಹತ್ತಾಕ ಮೆಹಂದಿಗಿ ಕಾಲು ಅದಾವೇನ್ರಿ?" ಎಂದಳು. ಮೂವತ್ತೊಂದು ವರ್ಷ ಮಕ್ಕಳಿಗೆ ತಿಂಗಳುಗಳ ಲೆಕ್ಕ ಬಾಯಿಪಾಠ ಮಾಡಿಸಿದವಳು ನಾನು. ಆಗ ನನಗೆ ಮಲಕವ್ವನ ಮೇಲೂ ಭಯಂಕರ ಸಿಟ್ಟು ಬಂತೆಂದು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ಯಾಸ್ಮೀನ ಅಲ್ಲವಾದರೆ, ನಾನೂ ಅಲ್ಲವಾದ್ದರಿಂದ, ಸುಳ್ಳು ಹೇಳಿದವರು ತಾವೇ ಎಂದು ನಿರ್ಧರಿಸಿದೆ. ತಮ್ಮ ಮುಖಕ್ಕೆ ಮಂಗಳಾರತಿ ಮಾಡಲೆಂದೇ ಮರುದಿನ ಮೊದಲ ಬಸ್ಸಿಗೆ ಹೊರಟೆ. ಸುಮಯ್ಯಾಳ ಮದುವೆಯಲ್ಲಿ ಉಳಿದು ಮಲಕವ್ವ ತಂದುಕೊಟ್ಟ ಮೆಹಂದಿ ಕೋನು, ಕ್ರೇಟು ತೊಳೆದ ನೀರು, ಒಣಗಿಸುವ ಮೊದಲು ದ್ರಾಕ್ಷಿ ಅದ್ದುವ ಎಣ್ಣೆ, ನಮ್ಮ ಯಜಮಾನರಾದ ಶಿವಶರಣಪ್ಪನವರು ಹೆಗಲ ಮೇಲಿಂದ ಎಂದೂ ಇಳಿಸದ ಕೆಂಪು ಟವೆಲ್ಲಿನ ಒಂದು ಅಂಚು, ಎಲ್ಲವನ್ನೂ ಡಬ್ಬಿಗಳಲ್ಲಿ ಕಟ್ಟಿಕೊಂಡು ಬಂದೆ. ಟವೆಲ್ಲು ಕತ್ತರಿಸುವಾಗ ಅವರು, "ನನ್ನನ್ನೂ ಅರದು ಹಾಕತಾರೇನು ಅದರಾಗ?" ಎಂದು ಕೇಳಿದರು. ಜಾಗ ಸಾಲುವುದಿಲ್ಲ ಎಂದು ಹೇಳಿ ಬಂದೆ. ಸಭೆಯ ನಂತರ ಮತ್ತೊಮ್ಮೆ ಬಂದಿದ್ದ ಅರುಣಕುಮಾರ, ಈ ಸಲ ಚಹಾ ಕುಡಿಯದೆ ನಮ್ಮ ಶೆಡ್ಡಿನ ಎಲ್ಲ ಕ್ರೇಟುಗಳಿಂದ ತಾನೇ ಚೂರು ಚೂರು ತೆಗೆದು ಮೊದಲೇ ತಂದಿಟ್ಟಿದ್ದ.

ತಮ್ಮ ಪ್ರಥಮ ದರ್ಶನ ಆದದ್ದು ಅಂದೇ. ತಾವು ಇಷ್ಟು ಗಿಡ್ಡವಿರುತ್ತೀರೆಂದು ಎಣಿಸಿರಲಿಲ್ಲ. ಸಣ್ಣ ಕಪಾಟಿನಷ್ಟಿರುವ ಒಬ್ಬರು ಇಡೀ ಊರನ್ನು ಕುಣಿಸಿದ್ದು ಕಂಡು ಕೈ ಮುಗಿದೆ. ಒಂದೊಂದು ಹನಿಗೂ ತಾವು ಹನ್ನೆರಡು ನಿಮಿಷ ಧ್ಯಾನಿಸಿದಿರಿ. ಎಲ್ಲ ಕ್ರೇಟುಗಳ ದ್ರಾಕ್ಷಿ, ಪತ್ತೆಯಾಗಿಲ್ಲ. ಎಣ್ಣೆ, ಪತ್ತೆಯಾಗಿಲ್ಲ. ಕ್ರೇಟಿನ ನೀರು, ಟವೆಲ್ಲು, ಪತ್ತೆಯಾಗಿಲ್ಲ. ಮೆಹಂದಿ ಹಾಕಿದಾಗ ನಾನು ಪರದೆಗೆ ಕಣ್ಣು ನೆಟ್ಟು ಕುಳಿತೆ. ಏನಾದರೂ ಕಂಡೀತೇನೋ ಎಂದು ಹಾರೈಸಿದೆ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ, ಏಕೆಂದರೆ ಅದನ್ನು ತಾವು ಅಳೆಯಲಿಲ್ಲ. ಬಣ್ಣವಿದ್ದರೆ ಏಳಬೇಕಾದ ಗೆರೆ ಅಲ್ಲಾಡಲಿಲ್ಲ. ಯಾಸ್ಮೀನಳ ಕೈ ಸ್ವಚ್ಛವೆಂದು ತಾವು ಹನ್ನೆರಡೇ ನಿಮಿಷದಲ್ಲಿ ಹೇಳಿದಿರಿ, ನನಗೆ ಹದಿಮೂರು ವರ್ಷದಲ್ಲಿ ಹೇಳಲಾಗಲಿಲ್ಲ.

ಆಗ ಅರುಣಕುಮಾರ ಮೆಲ್ಲಗೆ, ನನ್ನ ಕಾಲ ಕಡೆ ನೋಡುತ್ತ, "ಅಕ್ಕಾರ, ಮೊದಲನೇ ಚೀಲಾ ಯಾವ ಕ್ರೇಟಿನಾಗಿಂದು ತುಂಬಿದ್ರಿ?" ಎಂದು ಕೇಳಿದ. ಪೂಜೆಯ ಕ್ರೇಟಿನಿಂದ ಎಂದೆ, ಹೆಮ್ಮೆಯಿಂದಲೇ ಎಂದೆ. ಅದು ಅಷ್ಟರಲ್ಲಿ ಖಾಲಿಯಾಗಿದ್ದರಿಂದ ಎರಡನೇ ಸಲ ಅವನ ಕೈಗೆ ಸಿಕ್ಕಿರಲಿಲ್ಲ. ಪೂಜೆಗೆ ಏನೇನು ಏರಿಸುತ್ತೀರಿ ಎಂದ. ವಿಭೂತಿ, ಹೂವು, ಕುಂಕುಮ. ಕುಂಕುಮ ಕ್ರೇಟಿನ ಅಂಚಿಗೋ, ಕಾಳಿನ ಮೇಲೋ? ಕಾಳಿನ ಮೇಲೆಯೇ ಒಂದು ಚಿಟಿಕೆ, ಮತ್ತೆಲ್ಲಿ ಏರಿಸುತ್ತಾರೆ? ಚೀಲ ತುಂಬುವಾಗ ಕಣ್ಣಿಗೆ ಬಿದ್ದ ನಾಲ್ಕು ಕೆಂಪು ಕಾಳುಗಳನ್ನು ಹೆಕ್ಕಿ ತೆಗೆದಿದ್ದೆನಲ್ಲ! ಕಣ್ಣಿಗೆ ಬೀಳದ್ದೆಲ್ಲ ತಮಗಾಗಿ ಉಳಿದಿತ್ತೆಂದು ನನಗೇನು ಗೊತ್ತು? ನನ್ನ ಬ್ಯಾಗಿನಲ್ಲಿ ಸದಾ ಇರುವ ಭರಣಿಯನ್ನು ಅವನೇ ಕೇಳಿ ತೆಗೆದುಕೊಂಡ. ಸಂತೆಯಲ್ಲಿ ಕೊಂಡ, ಪೊಟ್ಟಣದ ಮೇಲೆ ದೇವಿಯ ಚಿತ್ರವಿದ್ದ ಪುಡಿ ಅದರಲ್ಲಿತ್ತು. ಮೊನೆಯಷ್ಟು ತೆಗೆದು, ಲಕ್ಷ ಪಟ್ಟು ತೆಳುಮಾಡಿ, ಅಳುಕುತ್ತಲೇ ತಮ್ಮ ಬಾಯಿಗೆ ಬಿಟ್ಟ. ಅಷ್ಟು ಹೊತ್ತು ನೆಲಕ್ಕೆ ಮಲಗಿದ್ದ ಗೆರೆ ಎದ್ದು ಪರದೆಯ ಮೇಲ್ತುದಿಗೆ ಹೊಡೆಯಿತು. ಅದೇ ತೂಕ, ನಾನೂರ ನಲವತ್ತಮೂರು. ಮುರಿದಾಗ ಅದೇ ತುಂಡು, ಮುನ್ನೂರ ತೊಂಬತ್ತೊಂಬತ್ತು. ಅರಿಷಿಣಕ್ಕೆ ಸುಣ್ಣ ಬೆರೆಸಿದ ಕುಂಕುಮ ಹೀಗೆ ತೋರಿಸುವುದಿಲ್ಲ ಅಕ್ಕಾರ, ಇದು ಅದೇ ಮಿಠಾಯಿ ಬಣ್ಣ ಎಂದು ಅವನು ಹೇಳುತ್ತಿದ್ದಾಗ ನಾನು ಹಣೆ ಮುಟ್ಟಿಕೊಂಡೆ.

ಮುಂದಿನ ಮೂರು ದಿನ ತಮ್ಮ ಆರೋಗ್ಯ ಕೆಟ್ಟಿತ್ತಂತೆ. ನನ್ನ ಕುಂಕುಮದ ಕಣ ತಮ್ಮ ಕೊಳವೆಯೊಳಗೆ ಹಿಡಿದು ಕುಳಿತು, ಶುದ್ಧ ನೀರು ಹಾಕಿದರೂ ತಾವು ಬಣ್ಣ, ಬಣ್ಣ ಎಂದೇ ಕನವರಿಸಿದಿರಂತೆ. ಕೇಳಿ ನನಗಾದ ಸಂತೋಷವನ್ನು ಅಡಗಿಸಿಡಲಾರೆ. ತಾವೂ ಒಮ್ಮೆ ನಿರಪರಾಧಿ ನೀರಿನ ಮೇಲೆ ಕಳಂಕ ಹೊರಿಸಿದಿರಲ್ಲ! ಆದರೆ ಪ್ರಯೋಗಾಲಯದ ಹುಡುಗರು ತಮ್ಮನ್ನು ಯಾರ ಮುಂದೆಯೂ ಎಬ್ಬಿಸಿ ನಿಲ್ಲಿಸಲಿಲ್ಲ. ಹಗಲೆಲ್ಲ ಕುಳಿತು ತೊಳೆದರು, ಮತ್ತೆ ಶುದ್ಧ ನೀರು ಹಾಕಿ ನೋಡಿದರು, ಗೆರೆ ಮಲಗಿದ ಮೇಲೆಯೇ ಮುಂದಿನ ಕೆಲಸ ಎತ್ತಿಕೊಂಡರು. ಇಂಥ ಉಪಚಾರ ತಮಗೇ ಸಿಗುತ್ತದೆ.

ಆದ್ದರಿಂದ ತಮ್ಮಲ್ಲಿ ಅರಿಕೆ ಏನೆಂದರೆ, ತಾವು ದಯಮಾಡಿ ಒಂದು ದಿನ ರಜೆ ಹಾಕಿ, ಬ್ಯಾಟರಿಗಳನ್ನೂ ಗಾಜಿನ ಬಾಟಲಿಗಳನ್ನೂ ಕಟ್ಟಿಕೊಂಡು, ಹೊನವಾಡದ ಬಸ್ಸು ಹತ್ತಬೇಕು. ಸೀಟು ನಾನು ಹಿಡಿದಿಡುತ್ತೇನೆ. ಕಟ್ಟೆಯ ಮೇಲೆ ಕುಳಿತು ಯಾಸ್ಮೀನಳ ಸುದ್ದಿ ಹೇಳಿದವರನ್ನು ಒಬ್ಬೊಬ್ಬರಾಗಿ ತಮ್ಮ ಕೊಳವೆಯೊಳಗೆ ಹಾಯಿಸಿ, ಯಾರ ಬಾಯಿಯಲ್ಲಿ ಮೊದಲು ಯಾವ ಮಾತು ಹುಟ್ಟಿತೆಂದು ಅದರ ಹೊತ್ತಿನ ಸಮೇತ ಕೋಷ್ಟಕ ಮಾಡಿ, ಸ್ಟಿಕ್ಕರು ಹಚ್ಚಬೇಕು. ಇದು ಆಗದ ಪಕ್ಷದಲ್ಲಿ, ನನ್ನ ಬದಲಿಗೆ ತಾವೇ ಯಾಸ್ಮೀನಳ ಮನೆಗೆ ಹೋಗಿ, ಹೇಳಬೇಕಾದುದನ್ನು ಹೇಳಿ ಬರಬೇಕು. ತಮಗೆ ನಾಚಿಕೆಯಾಗುವುದಿಲ್ಲ, ಗಂಟಲು ಕಟ್ಟುವುದಿಲ್ಲ, ಬೀದಿಯಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ.

ನಾನು ಹೋಗದೆ ಬಿಟ್ಟಿಲ್ಲ ಎಂಬುದನ್ನೂ ತಿಳಿಸಬೇಕು. ಹೋದ ಶುಕ್ರವಾರ ಮಧ್ಯಾಹ್ನ, ಬೀದಿಯಲ್ಲಿ ಜನ ಕಡಿಮೆ ಇರುವ ಹೊತ್ತು ನೋಡಿಯೇ ಹೋದೆ. ಯಾಸ್ಮೀನ ಹೊಲಿಗೆ ಯಂತ್ರದ ಮುಂದೆ ಯಾರದೋ ಲಂಗ ಹೊಲಿಯುತ್ತಿದ್ದಳು. ನೀರು ಕೊಟ್ಟಳು, ಚಹಾ ಇಟ್ಟಳು, ಕುಂಡ್ರಿ ಅಂದಳು. ನಾನು ಬಾಗಿಲು ಮುಚ್ಚಿ, ಯಂತ್ರ ಹೀಗೆ ಹೇಳಿತು, ಕುಂಕುಮದಲ್ಲಿ ಬಣ್ಣವಿತ್ತು, ಅರುಣ ಕೇಳಿದಾಗ ತಿಳಿಯಿತು, ಸಂತೆಯ ಪುಡಿಯನ್ನು ನಂಬಬಾರದು ಎಂದು ಅರ್ಧ ತಾಸು ಪಾಠ ಮಾಡಿದೆ. ಆಕೆ ಸೂಜಿಯಿಂದ ಕಣ್ಣೆತ್ತದೆ ಕೇಳಿಸಿಕೊಂಡು, ಕೊನೆಗೆ, "ಅಕ್ಕಾರ, ನಾ ಏನೂ ಮಾಡಿಲ್ಲಂತ ನನಗ ಮೊದಲ ದಿನಾನ ಗೊತ್ತಿತ್ರಿ. ನನಗ ಹೇಳಾಕ ಬಿಸಲಾಗ ಯಾಕ ಬಂದ್ರಿ? ಅಂದದ್ದು ಹತ್ತ ಮಂದಿ ಮುಂದ, ಈಗ ಬಾಗಲಾ ಹಾಕ್ಕೊಂಡು ಹೇಳಾಕತ್ತೀರಿ" ಎಂದಳು. ಅಷ್ಟೇ ಅಂದದ್ದು. ದನಿ ಏರಿಸಲಿಲ್ಲ. ಚಹಾಕ್ಕೆ ಸಕ್ಕರೆ ಸರಿಯಾಗಿದೆಯೇ ಎಂದೂ ಕೇಳಿದಳು. 

ಅದಕ್ಕಾಗಿಯೇ, ಮಹಾಶಯರೇ, ಗುಟ್ಟಾಗಿ ಅಂಚೆಗೆ ಹಾಕಬಹುದಾಗಿದ್ದ ಈ ತಕರಾರನ್ನು ಬಹಿರಂಗ ಪತ್ರ ಮಾಡಿದ್ದೇನೆ. ಒಂದು ಪ್ರತಿ ನಮ್ಮ ಶೆಡ್ಡಿನ ಬಾಗಿಲಿಗೆ, ತಮ್ಮ ಸ್ಟಿಕ್ಕರಿನ ಕೆಳಗೇ ಅಂಟುತ್ತದೆ. ಒಂದು ತಿಕೋಟಾದ ಬಸ್ ನಿಲ್ದಾಣಕ್ಕೆ, ಎರಡು ಕಳ್ಳಕವಟಗಿಯ ಆ ಎರಡು ಶೆಡ್ಡುಗಳಿಗೆ, ಒಂದು ಬಬಲೇಶ್ವರದ ನನ್ನ ತಂಗಿಗೆ, ಆಕೆಗೆ ಕೊಟ್ಟರೆ ಉಳಿದ ಊರುಗಳಿಗೆ ಪ್ರತಿ ಬೇಕಾಗುವುದಿಲ್ಲ. ಓದಿದವರೆಲ್ಲರಿಗೂ ಸಂಗತಿ ಸ್ಪಷ್ಟವಾಗಲಿ. ಯಾಸ್ಮೀನಳ ಕೈಯಲ್ಲಿ ಬಣ್ಣವಿರಲಿಲ್ಲ, ಬಣ್ಣ ಪೂಜೆಯ ಕುಂಕುಮದಲ್ಲಿತ್ತು, ಕುಂಕುಮ ಕ್ರೇಟಿನಲ್ಲಿತ್ತು, ಕ್ರೇಟಿನಿಂದ ಚೀಲಕ್ಕೆ ಬಂತು. ತಾವು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿದೆ. ಆದರೆ ಇನ್ನು ಮುಂದೆ ಇಂಥದು ಇದೆ ಎಂದು ಹೇಳುವಾಗ, ಯಾರೂ ಯಾರನ್ನೂ ಎಬ್ಬಿಸಿ ನಿಲ್ಲಿಸಕೂಡದು ಎಂಬ ಒಂದು ಸಾಲನ್ನು ವರದಿಯ ಕೆಳಗೆ ಅಚ್ಚು ಹಾಕಿಸಿಕೊಡಬೇಕಾಗಿ ವಿನಂತಿ.

ಏನಾದರೂ ಹೆಚ್ಚು ಕಡಿಮೆ ಬರೆದಿದ್ದರೆ ತಮ್ಮ ಸೂಕ್ಷ್ಮ ದೃಷ್ಟಿಗೆ ಬಿದ್ದೇ ಬೀಳುತ್ತದೆ, ನಾನು ಬೇರೆ ತೋರಿಸಬೇಕಾಗಿಲ್ಲ. ಇತಿ,

ಎಂದೆಂದಿಗೂ ತಮ್ಮ ವಿಶ್ವಾಸಿ (ತಮಗೆ ವಿಶ್ವಾಸವಿದ್ದರೆ),
ಅಕ್ಕನಾಗಮ್ಮ ಶಿವಶರಣಪ್ಪ
ಶೆಡ್ ನಂಬರ್ ಹದಿನೇಳು, ಹೊನವಾಡ

ತಾ.ಕ.: ಅಂಟಿಸುವ ಮೊದಲು ಈ ಪತ್ರವನ್ನು ಯಾಸ್ಮೀನಳ ಮನೆಗೆ ಒಯ್ದು, ಬಾಗಿಲು ತೆರೆದಿಟ್ಟು, ಮೊದಲಿನಿಂದ ಕೊನೆಯವರೆಗೂ ಗಟ್ಟಿಯಾಗಿ ಓದಿದೆ. ಟವೆಲ್ಲಿನ ಮಾತಿಗೆ ಆಕೆ ನಕ್ಕಳು. ಎಲ್ಲ ಮುಗಿದ ಮೇಲೆ, "ಮಷಿನ್ನಿಗಿ ಬೈದೀರಿ, ಅರುಣಗ ಬೈದೀರಿ, ಊರ ಮಂದಿಗೆಲ್ಲಾ ಬೈದೀರಿ. ಇಷ್ಟುದ್ದ ಬರದೀರಿ ಅಕ್ಕಾರ, ಇದರಾಗ ತಪ್ಪಾತು ಅನ್ನೂದು ಎಲ್ಲೈತ್ರಿ?" ಎಂದು ಕೇಳಿದಳು. ಎಂಟೂ ಹಾಳೆಗಳನ್ನು ತಿರುವಿ ಹಾಕಿ ಹುಡುಕಿದೆ, ಮಹಾಶಯರೇ. ಇರಲಿಲ್ಲ. ಆದ್ದರಿಂದ ನಾಳೆ ಬೆಳಿಗ್ಗೆ ಹತ್ತು ಹೆಂಗಸರೂ ಶೆಡ್ಡಿಗೆ ಬಂದ ಮೇಲೆ ನಾನು ಓದುವುದು ಈ ಪತ್ರವನ್ನಲ್ಲ, ಈ ಕೆಳಗಿನ ಒಂದು ಸಾಲನ್ನು. ಸಾಕ್ಷಿಗೆ ತಾವು ಬರಬೇಕಾಗಿಲ್ಲ.

ಯಾಸ್ಮೀನ, ನಾ ತಪ್ಪು ಮಾಡೇನಿ.